ಎರಡನೇ ಸಲ ಕೇಳದ ಪ್ರಶ್ನೆ

"ಬನ್ನಿ ಮೇಡಂ, ಕೂತ್ಕೊಳ್ಳಿ."

ಆ ದನಿ ಕಿವಿಗೆ ಬಿದ್ದದ್ದೇ ತಡ, ಅವಳ ಕಾಲು ಬಾಗಿಲಲ್ಲೇ ನಿಂತುಬಿಟ್ಟಿತು.

ಸಂದರ್ಶನದ ಕೋಣೆ. ಉದ್ದನೆಯ ಮೇಜು. ಮೇಜಿನ ಆಚೆ ಮೂವರು. ನಡುವೆ ಮುಖ್ಯೋಪಾಧ್ಯಾಯಿನಿ, ಅವರ ಎಡಕ್ಕೆ ಶಾಲೆಯ ಕಾರ್ಯದರ್ಶಿ, ಬಲಕ್ಕೆ...

ಬಲಕ್ಕೆ ಅವನು!

ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿದೆ. ಮುಖಕ್ಕೆ ಕನ್ನಡಕ ಬಂದಿದೆ. ಆದರೆ ಪೆನ್ನನ್ನು ಬೆರಳುಗಳ ನಡುವೆ ನೆಟ್ಟಗೆ ನಿಲ್ಲಿಸಿ ಹಿಡಿಯುವ ಆ ಅಭ್ಯಾಸ ಮಾತ್ರ ಒಂದಿಷ್ಟೂ ಬದಲಾಗಿಲ್ಲ.

'ಇವನು ಇಲ್ಲಿ ಹೇಗೆ? ಊರಲ್ಲಿ ಇರೋಬರೋ ಶಾಲೆಗಳನ್ನೆಲ್ಲ ಬಿಟ್ಟು ಇವನಿರೋ ಶಾಲೆಗೇ ಬರಬೇಕಿತ್ತಾ ನಾನು!'

ಅವಳು ಬಂದು ಕುಳಿತಳು. ಅವನು ಅವಳತ್ತ ನೋಡಿದ. ನೋಡಿದ್ದು ಅಷ್ಟೇ. ಗುರುತಿನ ನಗು ಇಲ್ಲ, ಹೇಗಿದೀಯ ಅನ್ನುವ ಕಣ್ಣಸನ್ನೆಯೂ ಇಲ್ಲ. ತಲೆ ತಗ್ಗಿಸಿ ಎದುರಿನ ಹಾಳೆ ನೋಡತೊಡಗಿದ.

ಮೇಡಂ ಅಂತೆ, ಮೇಡಂ! ಒಂದು ಕಾಲದಲ್ಲಿ ಇಡೀ ಹಾಸ್ಟೆಲಿಗೆ ಕೇಳುವ ಹಾಗೆ "ಏ ಚಾಕ್‌ಪೀಸ್!" ಅಂತ ಕೂಗುತ್ತಿದ್ದವನು ಇವನೇನಾ?

"ನಿಮ್ಮ ತರಬೇತಿ ಎಲ್ಲಾ ಹೊರದೇಶದಲ್ಲೇ ಆಗಿದೆ," ಮುಖ್ಯೋಪಾಧ್ಯಾಯಿನಿ ಮಾತು ಶುರು ಮಾಡಿದರು.

"ಹೌದು ಮೇಡಂ. ಅಲ್ಲೇ ಸ್ಕೂಲಲ್ಲಿ ಪಾಠಾನೂ ಮಾಡಿದೀನಿ."

"ಇಲ್ಲಿ ಅದು ನಡೆಯುತ್ತೆ ಅಂತ ತತ್ಸಮಾನ ಪ್ರಮಾಣಪತ್ರ ಬಂದಿದೆಯಾ?"

"ಬಂದಿದೆ ಮೇಡಂ." ಆ ಒಂದು ಕಾಗದಕ್ಕಾಗಿ ಎಷ್ಟು ಕಚೇರಿಗಳ ಬೆಂಚು ಸವೆಸಿದ್ದೆ ಎಂದು ಹೇಳುವ ಆಸೆಯನ್ನು ಅವಳು ಬಾಯಲ್ಲೇ ತಡೆದುಕೊಂಡಳು.

ಕಾರ್ಯದರ್ಶಿಗಳು ಕುರ್ಚಿಗೆ ಒರಗಿದರು. "ನೋಡಿಮ್ಮಾ, ಅಲ್ಲೆಲ್ಲ ಕ್ಲಾಸಿಗೆ ಬೆರಳೆಣಿಕೆ ಮಕ್ಕಳು. ಇಲ್ಲಿ ಕ್ಲಾಸ್ ತುಂಬಾ ಮಕ್ಕಳು, ಅವರ ಬಾಯಿ ತುಂಬಾ ಮಾತು. ನಿಮ್ಮ ಕೈಲಾಗುತ್ತಾ?"

"ಒಂದು ಸಲ ಕ್ಲಾಸಿಗೆ ಬಿಟ್ಟು ನೋಡಿ ಸಾರ್."

ಉತ್ತರ ಸ್ವಲ್ಪ ಖಾರವಾಯಿತೇನೋ. ಆದರೂ ಮುಖ್ಯೋಪಾಧ್ಯಾಯಿನಿಯ ತುಟಿಯಂಚಿನಲ್ಲಿ ಸಣ್ಣದೊಂದು ನಗು ಕಂಡಿತು. ಅವರು ಬಲಕ್ಕೆ ತಿರುಗಿದರು. "ಪ್ರಾಥಮಿಕ ವಿಭಾಗ ನೋಡ್ಕೊಳ್ಳೋರು ನೀವು. ನಿಮ್ಮದೇನಾದ್ರೂ ಪ್ರಶ್ನೆ ಇದೆಯಾ?"

ಅವಳು ಅವನತ್ತ ನೋಡಿದಳು. 'ಏನಾದರೂ ಕೇಳು... ಒಂದೇ ಒಂದು ಒಳ್ಳೆ ಮಾತಾಡು. ನಾನು ಹೇಗೆ ಪಾಠ ಮಾಡ್ತೀನಿ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?'

"ಇಲ್ಲ ಮೇಡಂ," ಅಂದ ಅವನು. "ನನ್ನದೇನೂ ಇಲ್ಲ."

ನನ್ನದೇನೂ ಇಲ್ಲ!

"ನಾಳೆ ಬೆಳಿಗ್ಗೆ ನಾಲ್ಕನೇ ತರಗತಿಗೆ ಒಂದು ಡೆಮೊ ಪಾಠ ಮಾಡಿ. ನೋಡೋಣ," ಎಂದರು ಮುಖ್ಯೋಪಾಧ್ಯಾಯಿನಿ. ಅವಳು ನಮಸ್ಕರಿಸಿ ಹೊರಗೆ ಬಂದಳು. ಗೇಟು ದಾಟುವವರೆಗೂ ತಡೆದಿದ್ದ ಕಣ್ಣೀರು, ದಾಟಿದ ಮೇಲೆ ಅವಳ ಮಾತು ಕೇಳಲಿಲ್ಲ.

*

ಹೊರದೇಶದಲ್ಲಿ ಕಲಿತು ಬಂದ ಟೀಚರಿಗೆ ಕೆಲಸ ಸಿಗುವುದು ಸುಲಭ ಅಂತ ಯಾರಾದರೂ ಹೇಳಿದರೆ, ಅವರನ್ನು ಇವಳ ಎದುರು ತಂದು ಕೂರಿಸಬೇಕು. ಒಂದು ಶಾಲೆಯವರು, ನೀವು ನಮಗೆ ಬೇಕಾದ್ದಕ್ಕಿಂತ ಜಾಸ್ತಿ ಓದಿದ್ದೀರಿ ಅಂದರು. ಪಕ್ಕದ ಬೀದಿಯ ಶಾಲೆಯವರು, ನೀವು ಓದಿದ್ದು ನಮ್ಮ ಲೆಕ್ಕಕ್ಕೇ ಬರಲ್ಲ ಅಂದರು! ಇನ್ನೊಬ್ಬರಿಗೆ ಇಲ್ಲಿನ ಅನುಭವ ಬೇಕಿತ್ತು. ಯಾರೂ ಕೆಲಸವನ್ನೇ ಕೊಡದಿದ್ದರೆ ಅನುಭವ ಎಲ್ಲಿಂದ ಬರಬೇಕು?

ಸದ್ಯಕ್ಕೆ ಅವಳ ವಾಸ ಅಕ್ಕನ ಮನೆಯಲ್ಲಿ. ಭಾವನದು ಕನ್ನಡಕದ ಅಂಗಡಿ. ಬಾಯಿ ತುಂಬ ಮಾತು, ಮನಸ್ಸಿನಲ್ಲಿ ಒಂದಿಷ್ಟೂ ಕಲ್ಮಶವಿಲ್ಲದ ಮನುಷ್ಯ.

"ನನ್ನ ಅಂಗಡಿಗೆ ಬಂದುಬಿಡು ಅಂದ್ರೆ ಕೇಳಲ್ಲ ನೀನು," ಸಂಜೆ ಊಟಕ್ಕೆ ಕುಳಿತಾಗ ಭಾವ ತಮ್ಮ ಹಳೆಯ ರಾಗ ತೆಗೆದರು. "ಅಲ್ಲೂ ಗೋಡೆ ಮೇಲೆ ಅಕ್ಷರ ಇದೆ, ಜನರ ಕೈಲಿ ಓದಿಸ್ಬೇಕು. ಟೀಚರ್ ಕೆಲಸಾನೇ ಅಲ್ವಾ? ಅದೂ ಅಲ್ಲದೆ, ತಪ್ಪು ಓದಿದವರೇ ನಮಗೆ ಒಳ್ಳೇ ಗಿರಾಕಿಗಳು!"

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. ಇವತ್ತು ತಟ್ಟೆಯನ್ನೇ ನೋಡುತ್ತಾ ಹೇಳಿದಳು. "ಆಯ್ತು ಭಾವ. ನಾಳೆ ಡೆಮೊ ಕೈಕೊಟ್ರೆ, ಸೋಮವಾರದಿಂದ ಅಂಗಡಿಗೆ ಬರ್ತೀನಿ. ಇನ್ನು ಯಾವ ಶಾಲೆಗೂ ಅರ್ಜಿ ಹಾಕಲ್ಲ."

ಭಾವನ ಕೈಯ ತುತ್ತು ಅಲ್ಲೇ ನಿಂತಿತು. ತಮಾಷೆಗೆ ಆಡಿದ ಮಾತನ್ನು ಈ ಹುಡುಗಿ ನಿಜ ಮಾಡಿಕೊಂಡಳಲ್ಲ ಎಂದು ಅವರಿಗೆ ಸಂಕಟವಾಯಿತು. ಅಕ್ಕ ಗಂಡನನ್ನು ಒಮ್ಮೆ ದುರುಗುಟ್ಟಿ ನೋಡಿ, ತಂಗಿಯನ್ನು ಬಾಲ್ಕನಿಗೆ ಎಳೆದುಕೊಂಡು ಹೋದಳು.

"ಏನಾಯ್ತೇ? ಬಂದಾಗಿಂದ ಮುಖ ಊದಿಸ್ಕೊಂಡಿದೀಯ."

"ಅಲ್ಲಿ ಅವನಿದ್ದ ಅಕ್ಕಾ."

"ಯಾವನು?"

"ಕೊನೇ ಬೆಂಚು."

ಅಕ್ಕ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಆ ಲಾಂಡ್ರಿ ರೂಮಿನ ಹುಡುಗನಾ!"

*

ಹೌದು. ಲಾಂಡ್ರಿ ರೂಮಿನ ಹುಡುಗ.

ಆ ದೂರದೇಶದ ತರಬೇತಿ ಕಾಲೇಜಿನಲ್ಲಿ ಕನ್ನಡ ಮಾತಾಡುವವರು ಇವರಿಬ್ಬರೇ ಇದ್ದರು. ಹಗಲೆಲ್ಲ ಪರಭಾಷೆಯಲ್ಲಿ ನಾಲಿಗೆ ತಿರುಚಿಕೊಂಡು, ಸಂಜೆ ಹಾಸ್ಟೆಲಿನ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆಗೆ ಬಂದು ಬಾಯಿ ಬಿಟ್ಟರೆ, ಮಾತಿಗೆ ಕೊನೆಯೇ ಇರಲಿಲ್ಲ. ಇಡೀ ಹಾಸ್ಟೆಲಿನಲ್ಲಿ ಬೆಚ್ಚಗಿದ್ದದ್ದು ಅದೊಂದೇ ಕೋಣೆ. ಸೋಪಿನ ವಾಸನೆ, ಗುಡುಗುಡು ಎನ್ನುವ ಯಂತ್ರಗಳು, ಗಾಜಿನ ಹಿಂದೆ ಗಿರಗಿರ ಸುತ್ತುವ ಯಾರದೋ ಕಾಲುಚೀಲಗಳು.

ಮರುದಿನ ಮಕ್ಕಳಿಗೆ ಮಾಡಬೇಕಾದ ಪಾಠವನ್ನು ಅವಳು ಅಲ್ಲಿಯೇ ಅಭ್ಯಾಸ ಮಾಡುತ್ತಿದ್ದಳು. ಯಂತ್ರವೊಂದರ ಕಪ್ಪು ಮಗ್ಗುಲೇ ಬೋರ್ಡು. ಬಕೆಟ್ಟನ್ನು ಬೋರಲು ಹಾಕಿ ದೂರದ ಗೋಡೆಗೆ ಒರಗಿ ಕೂರುತ್ತಿದ್ದ ಅವನೇ ಇಡೀ ತರಗತಿ. ಅದಕ್ಕೇ ಅವನು 'ಕೊನೇ ಬೆಂಚು'. ಕೆನ್ನೆಗೆ, ಹಣೆಗೆ, ಒಮ್ಮೊಮ್ಮೆ ಮೂಗಿನ ತುದಿಗೂ ಸೀಮೆಸುಣ್ಣದ ಪುಡಿ ಬಳಿದುಕೊಳ್ಳುತ್ತಿದ್ದ ಅವಳು 'ಚಾಕ್‌ಪೀಸ್'.

ಅವಳಿಗಿದ್ದ ದೊಡ್ಡ ರೋಗವೆಂದರೆ ಅವಸರ. ಪ್ರಶ್ನೆ ಕೇಳುವುದು, ಮಕ್ಕಳು ಬಾಯಿ ತೆರೆಯುವ ಮೊದಲೇ ಉತ್ತರ ತಾನೇ ಹೇಳಿಬಿಡುವುದು! ಅಲ್ಲಿನ ದೊಡ್ಡ ಮೇಡಂ, ಬೆಳ್ಳಿ ಕೂದಲಿನ ಆ ಮುದುಕಿ, ತರಗತಿಯ ಹಿಂದೆ ನಿಂತು ಅವಳಿಗೆ ಮತ್ತೆ ಮತ್ತೆ ಹೇಳುತ್ತಿದ್ದರು. "ಕೇಳಿದ ಮೇಲೆ ಕಾಯಬೇಕು ಮಗೂ. ಸುಮ್ಮನಿರುವ ಮಗು ಏನೂ ಗೊತ್ತಿಲ್ಲದೆ ಸುಮ್ಮನಿದೆ ಅಂತ ತಿಳಿಯಬೇಡ. ಅದು ಒಳಗೆ ಉತ್ತರ ಹುಡುಕುತ್ತಿರುತ್ತೆ. ಇನ್ನೊಂದು ಮಾತು. ಅದೇ ಪ್ರಶ್ನೆಯನ್ನು ಎರಡನೇ ಸಲ ಕೇಳಬೇಡ. ಕೇಳಿದರೆ ಹುಡುಕುತ್ತಿರುವ ಮಗುವಿನ ಕೈ ತಟ್ಟಿ ತಪ್ಪಿಸಿದ ಹಾಗಾಗುತ್ತೆ."

ಅದಕ್ಕಾಗಿ ಅವಳೂ ಅವನೂ ಒಂದು ಸನ್ನೆ ಮಾಡಿಕೊಂಡರು. ಅವಳು ಪಾಠ ಮಾಡುವಾಗ ಅವನು ಪೆನ್ನನ್ನು ನೆಟ್ಟಗೆ ಹಿಡಿದಿರುತ್ತಿದ್ದ. ಅವಳ ನಾಲಿಗೆ ಉತ್ತರಕ್ಕೆ ತುರಿಸುವುದು ಕಂಡ ಕೂಡಲೇ ಪೆನ್ನನ್ನು ಮೆಲ್ಲಗೆ ಮಲಗಿಸುತ್ತಿದ್ದ. ಅಂದರೆ, ಸ್ವಲ್ಪ ಕಾಯಿ... ಉತ್ತರ ಬರುತ್ತೆ.

ಕಾಲೇಜು ಮುಗಿದ ದಿನ ಇಬ್ಬರೂ ಬಸ್ ನಿಲ್ದಾಣದಲ್ಲಿ ನಿಂತಿದ್ದರು. ಅವನು ಊರಿಗೆ ಹೊರಟಿದ್ದ. ಅವಳಿಗೆ ಅಲ್ಲೇ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಸೂಟ್‌ಕೇಸಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವನು ಕೇಳಿದ್ದ.

"ನಾವಿಬ್ಬರೂ ಒಂದೇ ಊರಲ್ಲಿ, ಒಂದೇ ಮನೇಲಿ ಇದ್ಕೊಂಡು ಪಾಠ ಮಾಡ್ಕೊಂಡಿದ್ರೆ... ನಿನಗೆ ಇಷ್ಟಾನಾ?"

ಯಾವ ಪ್ರಶ್ನೆಗೂ ತಡವಿಲ್ಲದೆ ಉತ್ತರಿಸುವ ಹುಡುಗಿಗೆ ಅದೊಂದೇ ಪ್ರಶ್ನೆಗೆ ಮಾತು ಹೊರಡಲಿಲ್ಲ. ನಾಚಿಕೆ, ಭಯ, ಸಂತೋಷ ಎಲ್ಲವೂ ಒಟ್ಟಿಗೆ ನುಗ್ಗಿ ಬಂದಿದ್ದವು. ಅವನು ಸುಮ್ಮನೆ ನಿಂತು ಅವಳ ಮುಖ ನೋಡುತ್ತಿದ್ದ. ಅಷ್ಟರಲ್ಲಿ ಬಸ್ಸು ಬಂತು. "ನಿಧಾನಕ್ಕೆ ಹೇಳು," ಅಂದು ಹತ್ತಿ ಹೋದ.

ಆಮೇಲೆ ಫೋನು ಮಾಡುತ್ತಿದ್ದ. ಮಕ್ಕಳ ಬಗ್ಗೆ ಕೇಳುತ್ತಿದ್ದ, ಚಳಿಯ ಬಗ್ಗೆ, ಊಟದ ಬಗ್ಗೆ ಕೇಳುತ್ತಿದ್ದ. ಆ ಪ್ರಶ್ನೆಯನ್ನು ಮಾತ್ರ ಮತ್ತೆ ಕೇಳಲೇ ಇಲ್ಲ. ಪ್ರತಿ ಸಲ ಫೋನು ಬಂದಾಗಲೂ 'ಇವತ್ತು ಕೇಳ್ತಾನೆ' ಅಂದುಕೊಳ್ಳುತ್ತಿದ್ದಳು. ಉತ್ತರ ನಾಲಿಗೆಯ ತುದಿಯಲ್ಲೇ ಕಾದು ಕುಳಿತಿರುತ್ತಿತ್ತು. ಕೊನೆಗೊಮ್ಮೆ ಬೇಸತ್ತು ಫೋನು ಎತ್ತುವುದನ್ನೇ ಬಿಟ್ಟಳು.

ನಿಮಗೆ ಇಷ್ಟರಲ್ಲೇ ಎಲ್ಲಾ ಹೊಳೆದಿರಬಹುದು. ಅವಳಿಗೆ ಮಾತ್ರ ಇಷ್ಟು ವರ್ಷವಾದರೂ ಹೊಳೆದಿರಲಿಲ್ಲ. ಪಾಠ ಮಾಡುವವರ ಹಣೆಬರಹವೇ ಹೀಗೆ.

"ಅವನು ಕೇಳಿದ. ನೀನು ಏನಂದೆ?" ಬಾಲ್ಕನಿಯಲ್ಲಿ ಅಕ್ಕ ಈಗ ಸೊಂಟಕ್ಕೆ ಕೈ ಇಟ್ಟು ನಿಂತಿದ್ದಳು.

"ಏನೂ ಅನ್ನಲಿಲ್ಲ."

"ಮತ್ತೆ ಅವನಿಗೇನು ಕನಸು ಬೀಳುತ್ತಾ?"

"ಇನ್ನೊಂದು ಸಲ ಕೇಳಬಹುದಿತ್ತಲ್ಲ ಅಕ್ಕಾ? ನಾನು ನಿಜವಾಗ್ಲೂ ಬೇಕಾಗಿದ್ದಿದ್ರೆ ಕೇಳ್ತಿದ್ದ." ಅವಳ ದನಿ ಒಡೆಯಿತು. "ಇವತ್ತೂ ನೋಡು. ನನ್ನದೇನೂ ಇಲ್ಲ ಅಂದ. ನನಗೆ ಮುಖಕ್ಕೆ ಹೊಡೆದ ಹಾಗಾಯ್ತು."

ಅಕ್ಕ ತಂಗಿಯ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು. "ನಾಳೆ ಅವನನ್ನ ನೋಡಬೇಡ ಕಣೇ. ಮಕ್ಕಳನ್ನ ನೋಡು."

*

ನಾಲ್ಕನೇ ತರಗತಿ. ಪೂರ್ವದ ಕಿಟಕಿಗಳಿಂದ ಬಿಸಿಲು ಬೆಂಚುಗಳ ಮೇಲೆ ಬಿದ್ದಿತ್ತು. ಮುಖ್ಯೋಪಾಧ್ಯಾಯಿನಿ ಮತ್ತು ಕಾರ್ಯದರ್ಶಿ ಬಾಗಿಲ ಪಕ್ಕದ ಕುರ್ಚಿಗಳಲ್ಲಿ ಕುಳಿತಿದ್ದರು.

ಅವನೆಲ್ಲಿ? ನೋಡಬಾರದು ಅಂದುಕೊಂಡಿದ್ದರೂ ಅವಳ ಕಣ್ಣು ಹುಡುಕಿಬಿಟ್ಟಿತು. ಕೊನೆಯ ಬೆಂಚಿನಲ್ಲಿ, ಗೋಡೆಗೆ ಒರಗಿ, ಮಂಡಿ ಡೆಸ್ಕಿಗೆ ತಾಗುವಂತೆ ಮುದುಡಿಕೊಂಡು ಕುಳಿತಿದ್ದ. ಕೈಯಲ್ಲಿ ಪೆನ್ನು ನೆಟ್ಟಗಿತ್ತು.

ಅವಳು ಚಾಕ್‌ಪೀಸ್ ಎತ್ತಿಕೊಂಡಳು. ಬೆರಳಿಗೆ ಆ ಪುಡಿ ತಾಗಿದ್ದೇ ತಡ, ಭಯ ಅರ್ಧ ಇಳಿದುಹೋಯಿತು. ಎಷ್ಟು ತಿಂಗಳಾಗಿತ್ತು ಇದನ್ನು ಮುಟ್ಟಿ!

ನೆರಳಿನ ಪಾಠ. ಮಕ್ಕಳನ್ನು ಬಿಸಿಲಿಗೆ ನಿಲ್ಲಿಸಿ ಗೋಡೆಯ ಮೇಲೆ ನೆರಳು ಬೀಳಿಸಿದಳು. ಒಬ್ಬಳು ಜಡೆ ಎತ್ತಿ ಹಿಡಿದರೆ ಇನ್ನೊಬ್ಬ ಕೊಂಬು ಮಾಡಿದ. ತರಗತಿಯೆಲ್ಲ ಗುಲ್ಲೋ ಗುಲ್ಲು. ಕಾರ್ಯದರ್ಶಿಗಳ ಹುಬ್ಬು ಗಂಟಾಯಿತು. ಅವಳು ಎಲ್ಲರನ್ನೂ ಕೂರಿಸಿ, ದನಿ ತಗ್ಗಿಸಿ ಕೇಳಿದಳು.

"ನಿಮ್ಮ ನೆರಳಿಗೆ ಕೈ ಇದೆ, ಕಾಲು ಇದೆ, ಜಡೆ ಇದೆ. ಆದರೆ ಅದಕ್ಕೆ ಕಣ್ಣು, ಬಾಯಿ ಯಾಕೆ ಕಾಣಲ್ಲ?"

ಗುಲ್ಲು ನಿಂತಿತು.

ಯಾರೂ ಕೈ ಎತ್ತಲಿಲ್ಲ. ಯಾರೂ ಮಾತಾಡಲಿಲ್ಲ. ಹೊರಗೆ ಮೈದಾನದಲ್ಲಿ ಯಾರೋ ಚೆಂಡು ಒದೆಯುವ ಸದ್ದು ಮಾತ್ರ ಕೇಳುತ್ತಿತ್ತು.

ಅವಳು ಕಾದಳು.

ಕಾರ್ಯದರ್ಶಿಗಳು ಕೆಮ್ಮಿದರು. ಗಡಿಯಾರ ನೋಡಿಕೊಂಡರು. ಮುಖ್ಯೋಪಾಧ್ಯಾಯಿನಿಯ ಕಡೆ ಬಗ್ಗಿ ಪಿಸುಗುಟ್ಟಿದ್ದು ಇವಳಿಗೂ ಕೇಳಿಸಿತು. "ಪಾಪ, ಪಾಠ ಮರೆತುಹೋಯ್ತು ಅನ್ಸುತ್ತೆ."

'ಉತ್ತರ ಹೇಳಿಬಿಡಲಾ? ಹೇಳಿಬಿಟ್ಟರೆ ಪಾಠ ಮುಂದೆ ಹೋಗುತ್ತೆ... ಕೆಲಸ ಉಳಿಯುತ್ತೆ. ಇಲ್ಲಾಂದ್ರೆ ಸೋಮವಾರ ಕನ್ನಡಕದ ಅಂಗಡಿ!'

ಮುಖ್ಯೋಪಾಧ್ಯಾಯಿನಿ ಕುರ್ಚಿಯಿಂದ ಏಳತೊಡಗಿದರು. ಇನ್ನೇನು ಪಾಠ ನಿಲ್ಲಿಸುತ್ತಾರೆ. ಉತ್ತರ ಅವಳ ನಾಲಿಗೆಯ ತುದಿಗೆ ಬಂದೇಬಿಟ್ಟಿತು.

ಆಗ ಅವಳು ಕೊನೆಯ ಬೆಂಚನ್ನು ನೋಡಿದಳು.

ಅವನು ಅವಳ ಕಣ್ಣಲ್ಲಿ ಕಣ್ಣಿಟ್ಟು, ಬಲು ಮೆಲ್ಲಗೆ, ಪೆನ್ನನ್ನು ಡೆಸ್ಕಿನ ಮೇಲೆ ಮಲಗಿಸಿದ.

ಕಾಯಿ... ಬರುತ್ತೆ.

ಸೋಪಿನ ವಾಸನೆ, ಗುಡುಗುಡು ಸದ್ದು, ಬೋರಲು ಬಕೆಟ್ಟು... ಎಲ್ಲವೂ ಒಮ್ಮೆಲೇ ಎದುರಿಗೆ ಬಂದು ನಿಂತವು. ಅವನು ಏನನ್ನೂ ಮರೆತಿಲ್ಲ! ಅವಳ ಕಣ್ಣು ತುಂಬಿ ಬಂತು. ತುಟಿ ಬಿಗಿದು, ಚಾಕ್‌ಪೀಸನ್ನು ಮುಷ್ಟಿಯಲ್ಲಿ ಹಿಡಿದು ಹಾಗೇ ನಿಂತಳು.

ಕಿಟಕಿಯ ಪಕ್ಕ ಕುಳಿತಿದ್ದ, ಮಂಡಿಗೆ ಬ್ಯಾಂಡೇಜು ಕಟ್ಟಿದ್ದ ಒಂದು ಪುಟ್ಟ ಹುಡುಗಿ ತನ್ನ ಕೈಯ ನೆರಳನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಅರ್ಧ ಕೈ ಎತ್ತಿದಳು. ಇಳಿಸಿದಳು. ಮತ್ತೆ ಎತ್ತಿದಳು.

"ಮಿಸ್... ನಾವು ಅಡ್ಡ ನಿಂತಿದೀವಿ ಅಂತ ಮಾತ್ರ ಬಿಸಿಲಿಗೆ ಗೊತ್ತಾಗುತ್ತೆ. ನಿಂತಿರೋರು ಯಾರು ಅಂತ ಗೊತ್ತಾಗಲ್ಲ. ಅದಕ್ಕೇ ಬರೀ ಅಂಚು ಬರೆಯುತ್ತೆ, ಮುಖ ಬರೆಯಲ್ಲ."

ಎದ್ದು ನಿಂತಿದ್ದ ಮುಖ್ಯೋಪಾಧ್ಯಾಯಿನಿ ಹಾಗೇ ಕುಳಿತುಬಿಟ್ಟರು.

ಒಬ್ಬಳು ಬಾಯಿ ಬಿಟ್ಟಿದ್ದೇ ಸಾಕಾಯಿತು. "ಹೌದು ಮಿಸ್, ಮೂಗು ಪಕ್ಕಕ್ಕೆ ತಿರುಗಿದ್ರೆ ಮಾತ್ರ ಕಾಣುತ್ತೆ!" "ಯಾಕಂದ್ರೆ ಆಗ ಅದು ಅಂಚಿಗೆ ಬರುತ್ತೆ!" "ಮಿಸ್, ಹಾಗಾದ್ರೆ ಗಾಜಿಗೆ ನೆರಳಿದೆಯಾ?" ಕೈಗಳೆಲ್ಲ ಮೇಲೆದ್ದವು. ಗಂಟೆ ಹೊಡೆದರೂ ಮಕ್ಕಳು ಏಳಲು ಒಪ್ಪಲಿಲ್ಲ.

*

"ನೀವು ಪಾಠ ಮರೆತಿರಿ ಅಂದ್ಕೊಂಡಿದ್ವಿ," ವರಾಂಡದಲ್ಲಿ ಮುಖ್ಯೋಪಾಧ್ಯಾಯಿನಿ ಹೇಳಿದರು. "ಆ ಹುಡುಗಿ ಈ ವರ್ಷ ತರಗತಿಯಲ್ಲಿ ಬಾಯಿ ಬಿಟ್ಟಿದ್ದನ್ನ ನಾನು ಇವತ್ತೇ ನೋಡಿದ್ದು."

"ನನಗೂ ಎದೆ ಹೊಡ್ಕೊಳ್ತಿತ್ತು ಮೇಡಂ."

ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡರು. "ನೆರಳಿನ ವಿಷಯ ನನಗೂ ಹೊಳೆದಿರಲಿಲ್ಲಮ್ಮಾ. ಸೋಮವಾರ ಬಂದುಬಿಡಿ."

ಸೋಮವಾರ! ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪಾಪ ಭಾವ, ಸೋಮವಾರ ಅಂಗಡಿಯಲ್ಲಿ ಅವರೊಬ್ಬರೇ ಅಕ್ಷರ ಓದಿಸಬೇಕು.

"ಒಂದು ಮಾತು," ಮುಖ್ಯೋಪಾಧ್ಯಾಯಿನಿ ಹೊರಟವರು ನಿಂತರು. "ಈ ತೀರ್ಮಾನ ನಮ್ಮಿಬ್ಬರದೇ. ನಮ್ಮ ಪ್ರಾಥಮಿಕದ ಮೇಷ್ಟ್ರು ನಿನ್ನೆ ನೀವು ಬರೋಕೆ ಮುಂಚೇನೇ ಹೇಳಿಬಿಟ್ಟಿದ್ರು. ನನಗೆ ಅವರ ಪರಿಚಯ ಇದೆ, ನಾನು ಬಾಯಿ ಹಾಕಿದ್ರೆ ಅವರ ಯೋಗ್ಯತೆಗೆ ಅವಮಾನ, ನಾನು ಪ್ರಶ್ನೇನೂ ಕೇಳಲ್ಲ, ಅಂಕಾನೂ ಕೊಡಲ್ಲ ಅಂತ. ನನಗೆ ಅದು ಹಿಡಿಸ್ತು. ನಿಮಗೂ ಗೊತ್ತಿರಲಿ ಅಂತ ಹೇಳ್ದೆ."

ನನ್ನದೇನೂ ಇಲ್ಲ... ಅಂದಿದ್ದು ಇದಕ್ಕಾ?

ಅವಳು ತಿರುಗಿ ತರಗತಿಯ ಕಡೆ ನಡೆದಳು. ನಡೆದಳೋ ಓಡಿದಳೋ, ಅವಳಿಗೇ ಗೊತ್ತಿಲ್ಲ.

ಮಕ್ಕಳು ಆಟಕ್ಕೆ ಹೋಗಿದ್ದರು. ಅವನು ಒಬ್ಬನೇ ಓರೆಯಾಗಿದ್ದ ಬೆಂಚುಗಳನ್ನು ಸರಿ ಮಾಡುತ್ತಿದ್ದ. ಅವಳನ್ನು ಕಂಡು ಕೈ ನಿಲ್ಲಿಸಿದ.

"ಕೆನ್ನೆ ಮೇಲೆ ಸುಣ್ಣ ಇದೆ," ಅಂದ. "ಮೇಡಂ."

"ಇನ್ನೊಂದು ಸಲ ಮೇಡಂ ಅಂದ್ರೆ ಡಸ್ಟರ್ ಬರುತ್ತೆ ನೋಡು!"

ಅವನು ನಕ್ಕ. ಅದೇ ನಗು. ಅವಳ ಕಣ್ಣು ಮತ್ತೆ ತುಂಬಿತು. ಎಷ್ಟೋ ವರ್ಷದಿಂದ ಎದೆಯಲ್ಲಿ ಕಟ್ಟಿಟ್ಟಿದ್ದ ಮಾತು ತಾನಾಗಿಯೇ ಹೊರಬಂತು.

"ಯಾಕೆ ಮತ್ತೆ ಕೇಳಲಿಲ್ಲ ನೀನು?"

"ಏನನ್ನ?"

"ಬಸ್ ಸ್ಟಾಪಲ್ಲಿ ಕೇಳಿದ್ದನ್ನ. ಫೋನ್ ಬಂದಾಗೆಲ್ಲ ಕಾಯ್ತಿದ್ದೆ. ಚಳಿ ಹೇಗಿದೆ, ಊಟ ಆಯ್ತಾ, ಇದೇ ಆಯ್ತು! ಅದೊಂದು ಬಿಟ್ಟು ಎಲ್ಲಾ ಕೇಳಿದೆ."

ಅವನು ಅವಳನ್ನೇ ನೋಡಿದ. ಮುಖದಲ್ಲಿ ದಿಗ್ಭ್ರಮೆ. "ನೀನು ಯೋಚನೆ ಮಾಡ್ತಿದೀಯ ಅಂದ್ಕೊಂಡಿದ್ದೆ... ದೊಡ್ಡ ಮೇಡಂ ಹೇಳಿಕೊಟ್ಟಿದ್ದೇ ಅದಲ್ವಾ? ಎರಡನೇ ಸಲ ಕೇಳಬಾರದು, ಕೇಳಿದ್ರೆ ಕೈ ತಟ್ಟಿದ ಹಾಗಾಗುತ್ತೆ ಅಂತ. ನಾನು ಕಾಯ್ತಾ ಇದ್ದೆ."

ಅವಳು ಹಣೆ ಚಚ್ಚಿಕೊಂಡಳು.

"ಅಯ್ಯೋ ಪೆದ್ದ!" ಹತ್ತಿರದ ಬೆಂಚಿನ ಮೇಲೆ ಕುಸಿದು ಕುಳಿತಳು. "ಅದು ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಕಣೋ! ನನಗಲ್ಲ!"

"ನೀನು ಫೋನ್ ಎತ್ತೋದು ಬಿಟ್ಟಾಗ, ಇದೇ ಉತ್ತರ ಇರಬೇಕು ಅಂದ್ಕೊಂಡೆ." ಅವನ ದನಿ ಇಳಿದುಹೋಗಿತ್ತು. "ಆದ್ರೂ ಮನಸ್ಸು ಒಪ್ಪಲಿಲ್ಲ. ಅಮ್ಮ ನನಗೆ ಹುಡುಗಿ ನೋಡಿ ನೋಡಿ ಸಾಕಾಗಿ, ಈಗ ನನ್ನ ಜಾತಕಾನ ಮರೆತೇಬಿಟ್ಟಿದಾಳೆ. ಮೊನ್ನೆ ಅರ್ಜಿ ಮೇಲೆ ನಿನ್ನ ಫೋಟೋ ನೋಡಿದೆ. ಆವತ್ತಿಂದ ಒಂದು ಪಾಠಾನೂ ನೆಟ್ಟಗೆ ಮಾಡಿಲ್ಲ ನಾನು."

ಅವಳು ಅಳುತ್ತಾ ನಕ್ಕಳು. ನಗುತ್ತಾ ಅತ್ತಳು. ಎಷ್ಟು ವರ್ಷಗಳು, ದೇವರೇ! ಇಬ್ಬರು ಟೀಚರುಗಳು, ಇಬ್ಬರೂ ಅಷ್ಟು ಚೆನ್ನಾಗಿ ಪಾಠ ಕಲಿತು, ಇಷ್ಟು ವರ್ಷ ಕಳೆದುಕೊಂಡಿದ್ದರು.

ಅವನು ಬಂದು ಅದೇ ಬೆಂಚಿನ ಆ ತುದಿಯಲ್ಲಿ ಕುಳಿತ. ಮಕ್ಕಳ ಬೆಂಚು. ಇಬ್ಬರ ಮಂಡಿಯೂ ಡೆಸ್ಕಿಗೆ ತಾಗುತ್ತಿತ್ತು. ಬಿಸಿಲಿನಲ್ಲಿ ಅವರ ನೆರಳು ಗೋಡೆಯ ಮೇಲೆ ಒಂದಕ್ಕೊಂದು ಅಂಟಿಕೊಂಡು ಬಿದ್ದಿತ್ತು.

"ಆ ಪ್ರಶ್ನೆ... ಈಗಲೂ ಇದೆಯಾ?" ಅವಳು ಡೆಸ್ಕಿನ ಮೇಲಿನ ಗೀರುಗಳನ್ನು ನೋಡುತ್ತಾ ಕೇಳಿದಳು.

"ನಾನು ಬೋರ್ಡ್ ಒರೆಸೇ ಇಲ್ಲ."

"ಮತ್ತೆ ಕೇಳಲ್ವಾ?"

ಅವನು ಜೇಬಿನಿಂದ ಪೆನ್ನು ತೆಗೆದ. ಇಬ್ಬರ ನಡುವೆ ಡೆಸ್ಕಿನ ಮೇಲೆ ಮೆಲ್ಲಗೆ ಮಲಗಿಸಿದ.

ಈ ಸಲ ಅವಳು ಬಸ್ಸು ಬರುವವರೆಗೆ ಕಾಯಲಿಲ್ಲ.

"ಹೂಂ," ಅಂದಳು.

"ಏನು ಹೂಂ? ಪೂರ್ತಿ ವಾಕ್ಯದಲ್ಲಿ ಉತ್ತರ ಹೇಳಬೇಕು."

ಅವಳು ಕಣ್ಣೊರೆಸಿಕೊಂಡು, ಕೆನ್ನೆಗೆಲ್ಲ ಇನ್ನಷ್ಟು ಸುಣ್ಣ ಬಳಿದುಕೊಂಡು, ಬೆಂಚಿನಿಂದ ಎದ್ದು ಕೈಕಟ್ಟಿ ನಿಂತಳು.

"ನಿನ್ನ ಜೊತೆ ಒಂದೇ ಊರಲ್ಲಿ, ಒಂದೇ ಮನೇಲಿ ಇದ್ಕೊಂಡು ಪಾಠ ಮಾಡೋದು ನನಗೆ ಇಷ್ಟ. ಆವತ್ತೂ ಇಷ್ಟ ಇತ್ತು."

"ಸರಿಯಾದ ಉತ್ತರ," ಅಂದ ಕೊನೇ ಬೆಂಚು. ಅವನ ಕನ್ನಡಕ ಮಂಜಾಗಿತ್ತು. "ಕೂತ್ಕೋ ಚಾಕ್‌ಪೀಸ್... ನನ್ನ ಪಕ್ಕದಲ್ಲಿ."